ದೀರ್ಘ ಹೋರಾಟದಲ್ಲಿ ದಣಿವಿನ ಸ್ಥಾನ

ಆರಂಭಶೂರತ್ವವೆಂಬುದು ನಮ್ಮ ಜನ ಬಹುಕಾಲದಿಂದ ಬಲ್ಲ, ಬಲ್ಲವರಾಗಿಯೂ ಬಿಡಲಾರದ ದೋಷ. ಸಾರ್ವಜನಿಕ ಕಾರ್ಯವೊಂದನ್ನು ಕೈಗೊಂಡವರು ಮೊದಲ ವರ್ಷ ಸಭೆಗಳಲ್ಲಿ ಗುಡುಗಿ, ಎರಡನೆಯ ವರ್ಷ ಪತ್ರಿಕೆಗಳಿಗೆ ಬರೆದು, ಮೂರನೆಯ ವರ್ಷ ಮೌನಕ್ಕೆ ಸಂದರೆ, ಅವರ ಸಂಕಲ್ಪದಲ್ಲಿಯೇ ಏನೋ ಊನವಿತ್ತೆಂದು ತೀರ್ಮಾನಿಸಿ ನಾವು ಸುಮ್ಮನಾಗುತ್ತೇವೆ. ಈ ತೀರ್ಮಾನವು ಕೆಲವರ ವಿಷಯದಲ್ಲಿ ಸಾಧುವೂ ಆಗಿರಬಹುದು. ಆದರೆ ಹತ್ತಾರು ವರ್ಷ ಫಲವನ್ನೇ ಕಾಣದ, ಕಂಡ ಫಲವೂ ಕೈತಪ್ಪಿಹೋಗಬಹುದಾದ ಹೋರಾಟಗಳಲ್ಲಿ ತೊಡಗಿದವರನ್ನು ಇದೇ ಅಳತೆಗೋಲಿನಿಂದ ಅಳೆಯುವುದು ಅನ್ಯಾಯ. ಆ ಹೋರಾಟಗಳಿಗೂ ಅದರಿಂದ ಹಾನಿಯುಂಟು. ಸ್ತ್ರೀಯರ ಸಂತಾನಸ್ವಾತಂತ್ರ್ಯದ ಹೋರಾಟವು ಅಂಥವುಗಳಲ್ಲಿ ಒಂದು. ಗರ್ಭವನ್ನು ಧರಿಸುವುದೋ ಬೇಡವೋ, ಧರಿಸಿದ್ದನ್ನು ಮುಂದುವರಿಸುವುದೋ ಬೇಡವೋ, ಮಕ್ಕಳು ಎಷ್ಟು, ಯಾವಾಗ ಎಂಬುದನ್ನೆಲ್ಲ ಯಾರ ಒಡಲು ಆ ಭಾರವನ್ನು ಹೊರುತ್ತದೆಯೋ ಅವರೇ ನಿರ್ಧರಿಸತಕ್ಕದ್ದು ಎಂಬುದು ಅದರ ಮೂಲಪ್ರತಿಜ್ಞೆ.

ಈ ಹೋರಾಟವು ಮನುಷ್ಯರನ್ನು ವಿಶೇಷವಾಗಿ ಸವೆಸುವುದಕ್ಕೆ ಕಾರಣಗಳುಂಟು. ಮೊದಲನೆಯದಾಗಿ, ಇಲ್ಲಿ ಗೆಲುವು ಎಂದಿಗೂ ಸ್ಥಿರವಲ್ಲ. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1973ರ ಜನವರಿ 22ರಂದು ರೋ ಮೊಕದ್ದಮೆಯಲ್ಲಿ ಗರ್ಭಪಾತದ ಹಕ್ಕಿಗೆ ರಾಜ್ಯಾಂಗದ ರಕ್ಷಣೆಯುಂಟೆಂದು ಸಾರಿತು. ಅದೇ ನ್ಯಾಯಾಲಯವು 2022ರ ಜೂನ್ 24ರಂದು ಡಾಬ್ಸ್ ಮೊಕದ್ದಮೆಯಲ್ಲಿ ಆ ತೀರ್ಪನ್ನು ತಳ್ಳಿಹಾಕಿತು. ಇಪ್ಪತ್ತರ ಹರೆಯದಲ್ಲಿ ಆ ಹಕ್ಕಿಗಾಗಿ ಬೀದಿಗಿಳಿದಿದ್ದವರು ಎಪ್ಪತ್ತರ ವಯಸ್ಸಿನಲ್ಲಿ ಮೊದಲ ಮೆಟ್ಟಿಲಿನಿಂದಲೇ ವಾದವನ್ನು ಮತ್ತೆ ಆರಂಭಿಸಬೇಕಾಯಿತು. ಎರಡನೆಯದಾಗಿ, ವಿರೋಧಪಕ್ಷದ ಬೆನ್ನಿಗೆ ಧರ್ಮಪೀಠ, ಕುಟುಂಬ, ಸರಕಾರ ಎಂಬ ಚಿರಸ್ಥಾಯಿ ಸಂಸ್ಥೆಗಳಿರುತ್ತವೆ. ಹೋರಾಡುವವರ ಬಳಿ ಇರುವುದು ದುಡಿಮೆಯೂ ಮನೆಗೆಲಸವೂ ಮುಗಿದ ಮೇಲೆ ಮಿಕ್ಕ ಸಂಜೆಯ ಒಂದೆರಡು ಗಂಟೆ, ಬೇಡಿ ತಂದ ಚಂದಾಹಣ, ಇಷ್ಟೇ. ಮೂರನೆಯದಾಗಿ, ಇಲ್ಲಿ ಕಾರ್ಯಕರ್ತೆಯ ಕೈಗೆ ಬರುವ ಸಾಮಗ್ರಿಯೇ ಅನ್ಯರ ಗೋಪ್ಯವಾದ ದುಃಖ. ಭೂಸುಧಾರಣೆಗಾಗಿ ಹೋರಾಡುವವನು ಪಹಣಿಯನ್ನು ಎತ್ತಿ ತೋರಿಸಬಲ್ಲನು. ಇವಳು ತನ್ನೊಡನೆ ಅತ್ತವಳ ಹೆಸರನ್ನು ಯಾರಿಗೂ ಹೇಳುವಂತಿಲ್ಲ, ಮನೆಯವರಿಗೂ ಹೇಳುವಂತಿಲ್ಲ. ಹೀಗೆ ಸೇರುತ್ತ ಹೋದ ಗುಟ್ಟುಗಳ ಭಾರವು ವರ್ಷಗಳು ಕಳೆದಂತೆ ಎಂಥ ಗಟ್ಟಿಗರನ್ನೂ ಬಗ್ಗಿಸುತ್ತದೆ.

ಈಗ ಬರ್ನ್‌ಔಟ್ ಎಂದು ಕರೆಯುವ ಈ ಬಳಲಿಕೆಯ ಶಾಸ್ತ್ರೀಯ ವಿವೇಚನೆಯು ಪರೋಪಕಾರಕ್ಕೆಂದು ಬಂದವರನ್ನು ನೋಡಿಯೇ ಹುಟ್ಟಿತೆಂಬುದು ಗಮನಾರ್ಹ. ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರಲ್ಲಿ ದುಡಿಯುತ್ತಿದ್ದ ಸ್ವಯಂಸೇವಕರನ್ನೂ ತನ್ನನ್ನೂ ಪರೀಕ್ಷಿಸಿಕೊಂಡು 1974ರಲ್ಲಿ ಈ ಕುರಿತು ಬರೆದನು. ಅನಂತರ ಕ್ರಿಸ್ಟಿನಾ ಮಾಸ್ಲಾಕ್ ಎಂಬ ವಿದುಷಿ ಇದರ ಲಕ್ಷಣಗಳನ್ನು ಮೂರಾಗಿ ವಿಂಗಡಿಸಿದಳು: ಭಾವಶಕ್ತಿ ಬತ್ತಿಹೋಗುವುದು, ಸೇವೆಗೆ ಪಾತ್ರರಾದ ಜನರ ವಿಷಯದಲ್ಲಿಯೇ ಔದಾಸೀನ್ಯ ಹುಟ್ಟುವುದು, ತಾನು ಮಾಡಿದ್ದೆಲ್ಲ ನಿರರ್ಥಕವೆಂಬ ಭಾವನೆ ನೆಲೆಸುವುದು. ಈ ಮೂರರಲ್ಲಿ ಮೊದಲನೆಯದಕ್ಕೆ ನಿದ್ರೆಯೂ ರಜೆಯೂ ಮದ್ದಾಗಬಹುದು, ಉಳಿದೆರಡಕ್ಕೆ ಆಗಲಾರವು. ಒಂದು ತಿಂಗಳು ಮಲೆನಾಡಿನಲ್ಲಿ ವಿಶ್ರಮಿಸಿ ಬಂದವಳು ಅದೇ ಕೋಣೆಗೆ, ಅದೇ ಹತ್ತು ಜನರ ಕೆಲಸ ಒಬ್ಬಳ ಮೇಲೆ ಬೀಳುವ ಅದೇ ಏರ್ಪಾಡಿಗೆ, ಅದೇ ಕಾಣದ ಫಲಕ್ಕೆ ಮರಳಿದರೆ ಆ ವಿಶ್ರಾಂತಿ ಎಷ್ಟು ದಿನ ಬಾಳೀತು?

ಆದ್ದರಿಂದ ಪ್ರಾಣಾಯಾಮ ಮಾಡಿರಿ, ಸಂಗೀತ ಕೇಳಿರಿ, ಸಾಯಂಕಾಲ ನಡೆದಾಡಿರಿ ಎಂಬ ಹಿತವಚನಗಳಿಂದ ಈ ಪ್ರಶ್ನೆ ಪರಿಹಾರವಾಗದೆಂದು ನನ್ನ ಅಭಿಪ್ರಾಯ. ಆ ಹಿತವಚನಗಳು ಸುಳ್ಳಲ್ಲ. ಅವು ಹೊಣೆಯನ್ನು ತಪ್ಪಾದ ಹೆಗಲಿಗೆ ಏರಿಸುತ್ತವೆ. ಬಳಲಿದವಳು ತನ್ನ ಆರೈಕೆಯನ್ನು ತಾನು ಮಾಡಿಕೊಳ್ಳಲಿಲ್ಲವೆಂಬ ಇನ್ನೊಂದು ಅಪವಾದವನ್ನೂ ಹೊರಬೇಕಾಗುತ್ತದೆ. ದೀರ್ಘಕಾಲದ ಚಳವಳಿಯಲ್ಲಿ ದಣಿವು ಅಪಘಾತವಲ್ಲ. ಮೊದಲ ದಿನವೇ ಲೆಕ್ಕಕ್ಕೆ ಹಿಡಿಯಬೇಕಾದ ಖರ್ಚು. ತನ್ನವರು ದಣಿಯುತ್ತಾರೆ, ಹಿಂದೆ ಸರಿಯುತ್ತಾರೆ, ಕೆಲವರು ಮರಳುತ್ತಾರೆ, ಕೆಲವರು ಮರಳುವುದಿಲ್ಲ ಎಂಬುದನ್ನು ಮುಂಚಿತವಾಗಿ ಒಪ್ಪಿಕೊಂಡು, ಆ ಹೋಗುವಿಕೆಗೂ ಬರುವಿಕೆಗೂ ಗೌರವದ ಬಾಗಿಲುಗಳನ್ನಿಟ್ಟು ಕಟ್ಟಿದ ಚಳವಳಿಯೇ ಕಡೆಯವರೆಗೆ ನಿಲ್ಲುವುದು.

ಐರ್ಲೆಂಡಿನ ಇತಿಹಾಸ ಈ ವಿಚಾರಕ್ಕೆ ಒಳ್ಳೆಯ ನಿದರ್ಶನ. ಕನ್ನಡಿಗರಿಗೆ ಅದು ತೀರ ಪರದೇಶದ ಮಾತೂ ಅಲ್ಲ, ಏಕೆಂದರೆ ಅದರ ಒಂದು ಮುಖ್ಯ ಅಧ್ಯಾಯದಲ್ಲಿ ಬೆಳಗಾವಿಯ ಮಗಳೊಬ್ಬಳ ಹೆಸರು ಸೇರಿಕೊಂಡಿದೆ. ಅಲ್ಲಿ 1935ರ ಕಾನೂನೊಂದು ಗರ್ಭನಿರೋಧಕ ಸಾಧನಗಳ ಮಾರಾಟವನ್ನೂ ಆಮದನ್ನೂ ನಿಷೇಧಿಸಿತ್ತು. 1971ರ ಮೇ 22ರಂದು ಡಬ್ಲಿನ್ನಿನ ಕೆಲವು ಹೆಂಗಸರು ರೈಲು ಹತ್ತಿ, ಬ್ರಿಟಿಷ್ ಆಡಳಿತದಲ್ಲಿದ್ದ ಬೆಲ್‌ಫಾಸ್ಟಿಗೆ ಹೋಗಿ, ಅಲ್ಲಿ ಆ ಸಾಧನಗಳನ್ನು ಕೊಂಡು, ಮರಳಿ ಬಂದಾಗ ಸುಂಕದ ಅಧಿಕಾರಿಗಳ ಕಣ್ಣೆದುರಿಗೇ ಅವನ್ನು ಎತ್ತಿ ಹಿಡಿದು ಪ್ರದರ್ಶಿಸಿದರು. ಗುಳಿಗೆಗಳಿಗೆ ವೈದ್ಯರ ಚೀಟಿ ಬೇಕೆಂದು ಅಂಗಡಿಯವನು ಹೇಳಿದ್ದರಿಂದ ಆಸ್ಪಿರಿನ್ ಪೊಟ್ಟಣಗಳನ್ನು ಕೊಂಡು ಅವನ್ನೇ ಗರ್ಭನಿರೋಧಕ ಗುಳಿಗೆಗಳೆಂದು ತೋರಿಸಿದರಂತೆ. ಗಂಡಸರಾದ ಅಧಿಕಾರಿಗಳಿಗೆ ವ್ಯತ್ಯಾಸ ತಿಳಿಯುವಂತಿರಲಿಲ್ಲ. ದೇಶವೇ ಬೆರಗಾದ ಈ ಸಾಹಸವನ್ನು ನಡೆಸಿದ ಮಹಿಳಾ ವಿಮೋಚನಾ ಸಂಘವಾದರೋ ಬಹುಕಾಲ ಬಾಳಲಿಲ್ಲ. ಒಳಜಗಳಗಳಿಂದಲೂ ಆಯಾಸದಿಂದಲೂ ಬೇಗನೆ ಚದರಿಹೋಯಿತು. ಸಾಧನಗಳ ಮಾರಾಟಕ್ಕೆ ಸಂಕುಚಿತವಾದ ಅನುಮತಿ ದೊರೆತದ್ದು 1979ರಲ್ಲಿ, ಅದೂ ವೈದ್ಯರ ಚೀಟಿಯ ಮೇಲೆ ಮಾತ್ರ. ಸಾಹಸದ ಒಂದು ದಿನಕ್ಕೂ ಕಾನೂನಿನ ಒಂದು ಸಾಲಿಗೂ ನಡುವೆ ಎಂಟು ವರ್ಷಗಳ ಅಂತರವಿತ್ತು.

ಆಮೇಲೆ ಬಂದದ್ದು ಘೋರವಾದ ಪರಾಜಯ. 1983ರ ಸೆಪ್ಟೆಂಬರ್ 7ರ ಜನಮತಗಣನೆಯಲ್ಲಿ ಶೇಕಡಾ 66.9ರಷ್ಟು ಮತದಾರರು ರಾಜ್ಯಾಂಗದ ಎಂಟನೆಯ ತಿದ್ದುಪಡಿಯನ್ನು ಒಪ್ಪಿ, ಹುಟ್ಟದ ಶಿಶುವಿನ ಜೀವದ ಹಕ್ಕು ತಾಯಿಯ ಜೀವದ ಹಕ್ಕಿಗೆ ಸಮಾನವೆಂದು ಬರೆಯಿಸಿದರು. ಅದನ್ನು ವಿರೋಧಿಸಿದ್ದ ಸ್ತ್ರೀಯರು ಬೀದಿಯಲ್ಲಿಯೂ ಬಂಧುವರ್ಗದಲ್ಲಿಯೂ ನಿಂದೆಗೆ ಗುರಿಯಾಗಿದ್ದರು. ಹಲವರು ಸಾರ್ವಜನಿಕ ಜೀವನದಿಂದ ಸರಿದರು, ಕೆಲವರು ದೇಶವನ್ನೇ ಬಿಟ್ಟರು. 1988ರ ಹೊತ್ತಿಗೆ ಇಂಗ್ಲೆಂಡಿನ ಚಿಕಿತ್ಸಾಲಯದ ವಿಳಾಸವನ್ನು ಹೇಳುವುದು ಕೂಡ ನ್ಯಾಯಾಲಯದ ದೃಷ್ಟಿಯಲ್ಲಿ ಅಪರಾಧಪ್ರಾಯವಾಯಿತು; ಮಾಹಿತಿಯನ್ನು ಅಚ್ಚುಮಾಡಿದ ವಿದ್ಯಾರ್ಥಿಸಂಘಗಳ ನಾಯಕರನ್ನು ಮೊಕದ್ದಮೆಗಳು ಬೆನ್ನಟ್ಟಿದವು. ರಾಜ್ಯಾಂಗವನ್ನು ಬದಲಿಸುವ ಒಂದೇ ಗುರಿಯನ್ನು ನಂಬಿಕೊಂಡು ಕುಳಿತಿದ್ದರೆ ಆ ಚಳವಳಿಯು 1983ರಲ್ಲಿಯೇ ಸತ್ತುಹೋಗಬೇಕಾಗಿತ್ತು.

ಅದು ಸಾಯದಿದ್ದದ್ದಕ್ಕೆ ಕಾರಣ, ದೂರದ ಗುರಿಯ ಜೊತೆಗೆ ಹತ್ತಿರದ ಕೆಲಸವೊಂದು ನಡೆಯುತ್ತಿದ್ದುದು. ಗರ್ಭಪಾತಕ್ಕಾಗಿ ಸಮುದ್ರ ದಾಟಿ ಇಂಗ್ಲೆಂಡಿಗೆ ಬರುತ್ತಿದ್ದ ಐರಿಷ್ ಹೆಂಗಸರಿಗೆ ನೆರವಾಗಲೆಂದು ಲಂಡನ್ನಿನಲ್ಲಿ ನೆಲೆಸಿದ್ದ ಐರಿಷ್ ಸ್ತ್ರೀಯರೇ 1980ರಲ್ಲಿ ಒಂದು ಗುಂಪನ್ನು ಕಟ್ಟಿಕೊಂಡಿದ್ದರು. ಸರದಿಯ ಮೇಲೆ ದೂರವಾಣಿಗೆ ಉತ್ತರಿಸುವುದು, ನಿಲ್ದಾಣದಲ್ಲಿ ಎದುರುಗೊಳ್ಳುವುದು, ಒಂದೆರಡು ರಾತ್ರಿ ತಮ್ಮ ಮನೆಯಲ್ಲಿಯೇ ತಂಗಿಸಿಕೊಳ್ಳುವುದು ಅವರ ಕೆಲಸ. ಮನೆಯವರ ಕಿವಿಗೆ ಬಿದ್ದೀತೆಂಬ ಭಯದಿಂದ ಗರ್ಭಪಾತವೆಂಬ ಶಬ್ದಕ್ಕೆ ಬದಲಾಗಿ ‘ಇಮೆಲ್ಡಾ’ ಎಂಬ ಗುಟ್ಟಿನ ಹೆಸರನ್ನು ಬಳಸುತ್ತಿದ್ದರು. ಎದುರುಗೊಳ್ಳಲು ಹೋದವಳು ಗುರುತಿಗಾಗಿ ಕೆಂಪು ಲಂಗವನ್ನು ಉಡುತ್ತಿದ್ದಳು. ಅಲ್ಪವೆಂದು ತೋರುವ ಈ ಕೆಲಸದಲ್ಲಿ ದೊಡ್ಡದೊಂದು ಗುಣವಿತ್ತು: ಅದು ಒಂದೆರಡು ದಿನಗಳಲ್ಲಿಯೇ ಮುಗಿಯುತ್ತಿತ್ತು. ಬೆಳಗ್ಗೆ ಭಯದಿಂದ ನಡುಗುತ್ತ ಇಳಿದವಳು ಮರುದಿನ ಸುರಕ್ಷಿತವಾಗಿ ಹಡಗು ಹತ್ತಿದರೆ, ನೆರವಾದವಳಿಗೆ ತನ್ನ ಶ್ರಮ ವ್ಯರ್ಥವೆಂಬ ಭಾವನೆ ಬರಲು ಎಡೆಯಿರಲಿಲ್ಲ. ಮಾಸ್ಲಾಕ್ ಹೇಳಿದ ಮೂರನೆಯ ಲಕ್ಷಣಕ್ಕೆ ಇದಕ್ಕಿಂತ ಮಿಗಿಲಾದ ಮದ್ದಿಲ್ಲ.

ಹಾಗೆಂದಮಾತ್ರಕ್ಕೆ ಹತ್ತಿರದ ಕೆಲಸವೊಂದೇ ಸಾಕೆಂದು ಭಾವಿಸಕೂಡದು. ಅದೊಂದನ್ನೇ ಮಾಡುತ್ತ ಹೋದರೆ, ಸರಕಾರದ ಅನ್ಯಾಯದ ಪರಿಣಾಮಗಳನ್ನು ಸಂಬಳವಿಲ್ಲದೆ ತೊಳೆಯುವ ನೌಕರಿಯಷ್ಟೇ ಉಳಿಯುತ್ತದೆ; ಐರಿಷ್ ಸರಕಾರಗಳು ಎಷ್ಟೋ ವರ್ಷ ತಮ್ಮ ಸಮಸ್ಯೆಯನ್ನು ಇಂಗ್ಲೆಂಡಿಗೆ ಸಾಗಹಾಕಿ ನೆಮ್ಮದಿಯಿಂದಿದ್ದದ್ದು ಹೀಗೆಯೇ. ದೂರದ ಗುರಿ ಹತ್ತಿರದ ಕೆಲಸಕ್ಕೆ ಅರ್ಥವನ್ನು ಕೊಡುತ್ತದೆ. ಹತ್ತಿರದ ಕೆಲಸ ದೂರದ ಗುರಿಗೆ ಆಯುಸ್ಸನ್ನು ಕೊಡುತ್ತದೆ. ಈ ತತ್ತ್ವವು ನಮ್ಮ ದೇಶಕ್ಕೆ ಹೊಸದಲ್ಲ. 1922ರ ಫೆಬ್ರವರಿಯಲ್ಲಿ ಅಸಹಕಾರ ಚಳವಳಿಯನ್ನು ನಿಲ್ಲಿಸಿದ ಗಾಂಧಿಯವರು 1930ರ ಉಪ್ಪಿನ ಸತ್ಯಾಗ್ರಹದವರೆಗಿನ ನಡುವಣ ಕಾಲವನ್ನು ಬರಿದೆ ಕಾಯುತ್ತ ಕಳೆಯಲಿಲ್ಲ; ಖಾದಿ, ಅಸ್ಪೃಶ್ಯತಾನಿವಾರಣೆ ಮೊದಲಾದ ರಚನಾತ್ಮಕ ಕಾರ್ಯಗಳಿಂದ ಅದನ್ನು ತುಂಬಿದರು. ಚಳವಳಿಯ ಉಬ್ಬರ ಇಳಿದಾಗ ಕಾರ್ಯಕರ್ತನು ನಿರುದ್ಯೋಗಿಯಾಗದಂತೆ, ಜೈಲೂ ಮೆರವಣಿಗೆಯೂ ಇಲ್ಲದ ದಿನಗಳಲ್ಲಿಯೂ ತಾನು ಸ್ವರಾಜ್ಯಕ್ಕಾಗಿ ದುಡಿಯುತ್ತಿದ್ದೇನೆಂದು ಅವನಿಗೆ ಅನಿಸುವಂತೆ ಮಾಡಿದ ಯುಕ್ತಿ ಅದು. ಕೃತಕವಾದ ಸಂತಾನನಿರೋಧವನ್ನು ಗಾಂಧಿಯವರು ಒಪ್ಪಿದವರಲ್ಲ. 1935ರ ಡಿಸೆಂಬರಿನಲ್ಲಿ ವಾರ್ಧಾಕ್ಕೆ ಬಂದು ಚರ್ಚಿಸಿದ ಸಂತಾನನಿಯಂತ್ರಣದ ಪ್ರತಿಪಾದಕಿ ಮಾರ್ಗರೆಟ್ ಸ್ಯಾಂಗರಳಿಗೂ ಅವರಿಗೂ ಒಮ್ಮತ ಉಂಟಾಗಲಿಲ್ಲ. ಆದರೂ ಅವರು ಒಪ್ಪದಿದ್ದ ಈ ಚಳವಳಿಯು ಬಾಳುವ ವಿದ್ಯೆಯನ್ನು ಅವರಿಂದಲೇ ಕಲಿಯಬಹುದಾಗಿದೆ. ವಿರೋಧಿಯಿಂದ ಕಲಿಯುವುದರಲ್ಲಿ ನಾಚಿಕೆಯೇನೂ ಇಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಚಳವಳಿಗಳು ಏರ್ಪಾಡಿನಿಂದ ಗೆಲ್ಲುವುದಿಲ್ಲ, ಆಕ್ರೋಶದಿಂದ ಗೆಲ್ಲುತ್ತವೆ. ಐರ್ಲೆಂಡನ್ನು ಬದಲಿಸಿದ್ದು ಸವಿತಾಳ ಸಾವಲ್ಲವೆ ಎಂದು ಕೇಳುವವರುಂಟು. ಸವಿತಾ ಹಾಲಪ್ಪನವರ ಬೆಳಗಾವಿಯವಳು, 31 ವರ್ಷದ ದಂತವೈದ್ಯೆ. ಹದಿನೇಳು ವಾರಗಳ ಗರ್ಭಿಣಿಯಾಗಿದ್ದ ಆಕೆ 2012ರ ಅಕ್ಟೋಬರ್ 21ರಂದು ಗಾಲ್ವೆಯ ಆಸ್ಪತ್ರೆಗೆ ಸೇರಿದಳು. ಗರ್ಭ ಉಳಿಯದೆಂಬುದು ಖಚಿತವಾಗಿ, ಅದನ್ನು ತೆಗೆಯಿರೆಂದು ಆಕೆ ಕೇಳಿಕೊಂಡರೂ, ಭ್ರೂಣದ ಹೃದಯ ಮಿಡಿಯುತ್ತಿರುವವರೆಗೆ ಹಾಗೆ ಮಾಡುವಂತಿಲ್ಲವೆಂಬ ಉತ್ತರ ಬಂದಿತು. ನಂಜು ರಕ್ತಕ್ಕೇರಿ ಅಕ್ಟೋಬರ್ 28ರಂದು ಆಕೆ ತೀರಿಕೊಂಡಳು. ಆ ವಾರ್ತೆಯು ದೇಶವನ್ನು ನಡುಗಿಸಿದ್ದು ನಿಜ. ಆದರೆ ದುಃಖವೊಂದೇ ಕಾನೂನನ್ನು ಬದಲಿಸಬಲ್ಲುದಾಗಿದ್ದರೆ ಅದು 1984ರಲ್ಲಿಯೇ ಬದಲಾಗಬೇಕಾಗಿತ್ತು. ಆ ವರ್ಷದ ಜನವರಿ 31ರಂದು ಗ್ರಾನಾರ್ಡ್ ಎಂಬ ಊರಿನಲ್ಲಿ 15 ವರ್ಷದ ಬಾಲೆಯೊಬ್ಬಳು ಕನ್ಯಾಮೇರಿಯ ಮೂರ್ತಿಯ ಬಳಿ ಒಂಟಿಯಾಗಿ ಪ್ರಸವಿಸಿ ಸತ್ತಳು, ಮಗುವೂ ಉಳಿಯಲಿಲ್ಲ. ಬಾನುಲಿಗೆ ಸ್ತ್ರೀಯರ ಪತ್ರಗಳು ರಾಶಿರಾಶಿಯಾಗಿ ಬಂದವು. ಬಹುಕಾಲ ಬಚ್ಚಿಟ್ಟ ನೋವುಗಳನ್ನು ದೇಶವೆಲ್ಲ ಕೇಳಿತು. ಆದರೆ ತಿದ್ದುಪಡಿಯ ಒಂದಕ್ಷರವೂ ಕದಲಲಿಲ್ಲ. 1992ರಲ್ಲಿ ಅತ್ಯಾಚಾರಕ್ಕೆ ಗುರಿಯಾದ 14 ವರ್ಷದ ಹುಡುಗಿಯನ್ನು ದೇಶ ಬಿಟ್ಟುಹೋಗದಂತೆ ಸರಕಾರವೇ ತಡೆದಾಗ ಜನ ಮತ್ತೆ ಬೀದಿಗೆ ಬಂದರು. ಸರ್ವೋಚ್ಚ ನ್ಯಾಯಾಲಯವು ಆಕೆಯ ಪರವಾಗಿ ತೀರ್ಪಿತ್ತಿತು. ಆ ತೀರ್ಪಿಗೆ ಅನುಗುಣವಾದ ಕಾನೂನನ್ನು ಶಾಸನಸಭೆ ರಚಿಸಲು 2013ರವರೆಗೆ, ಎಂದರೆ 21 ವರ್ಷ, ಹಿಡಿಯಿತು.

ಹಾಗಾದರೆ 2012ಕ್ಕೂ ಹಿಂದಿನ ಸಂದರ್ಭಗಳಿಗೂ ವ್ಯತ್ಯಾಸವೇನು? ಆ ಸಾವು ಸಂಭವಿಸುವ ಮುನ್ನವೇ ನೆಲ ಸಿದ್ಧವಾಗಿತ್ತು. ಐರ್ಲೆಂಡಿನ ಕಾನೂನು ದೋಷಯುಕ್ತವೆಂದು ಯೂರೋಪಿನ ಮಾನವಹಕ್ಕುಗಳ ನ್ಯಾಯಾಲಯ 2010ರ ಡಿಸೆಂಬರಿನಲ್ಲಿ ತೀರ್ಪು ನೀಡಿತ್ತು. ಅದನ್ನು ಹೇಗೆ ಜಾರಿಗೆ ತರಬೇಕೆಂದು ಸರಕಾರ ನೇಮಿಸಿದ್ದ ತಜ್ಞರ ಸಮಿತಿಯ ಕೆಲಸ ಮುಗಿಯುತ್ತ ಬಂದಿತ್ತು. ಭ್ರೂಣವು ಬದುಕಲಾರದೆಂದು ತಿಳಿದು ಲಿವರ್‌ಪೂಲಿಗೆ ಹೋಗಿಬಂದ ತಾಯಂದಿರು 2012ರಲ್ಲಿಯೇ ಬಾಯಿಬಿಟ್ಟು ಮಾತನಾಡಿದ್ದರು. ಹೊಸ ತಲೆಮಾರಿನವರು ಸೆಪ್ಟೆಂಬರಿನಲ್ಲಿ ಡಬ್ಲಿನ್ನಿನಲ್ಲಿ ಮೆರವಣಿಗೆಯನ್ನೂ ನಡೆಸಿದ್ದರು. ಮೂವತ್ತು ವರ್ಷ ಯಾರೂ ಕಾಣದಂತೆ ನಡೆದ ವಾದ, ಬರೆಹ, ಸಂಘಟನೆಗಳ ಮೇಲೆ ಆ ದುಃಖ ಬಂದು ಬಿದ್ದುದರಿಂದ ಅದು ಬಲವಾಗಿ ಪರಿಣಮಿಸಿತು. ಆಕ್ರೋಶವು ಬಾಗಿಲನ್ನು ತೆರೆಯಬಲ್ಲುದು; ಬಾಗಿಲು ತೆರೆದಾಗ ಒಳನುಗ್ಗಲು ಯಾರಾದರೂ ಹೊಸ್ತಿಲಲ್ಲಿ ನಿಂತಿರಬೇಕು. ಇದಲ್ಲದೆ, ಇನ್ನೊಂದು ಸಾವಿಗಾಗಿ ಕಾಯುತ್ತ ಕೂರುವ ಚಳವಳಿಯಲ್ಲಿ ನೈತಿಕವಾಗಿಯೂ ಏನೋ ಕೊಳೆತಿದೆಯೆನ್ನಬೇಕು. ತಾನು ಯಾರಿಗಾಗಿ ಹೋರಾಡುತ್ತಿದೆಯೋ ಅವರ ಬದುಕಿಗಿಂತ ಅವರ ಸಾವೇ ಅದಕ್ಕೆ ಹೆಚ್ಚು ಉಪಯುಕ್ತವಾಗಿ ಕಾಣತೊಡಗಿದರೆ, ಮಾಸ್ಲಾಕ್ ಹೇಳಿದ ಔದಾಸೀನ್ಯ ಅಲ್ಲಿ ಆಗಲೇ ಪ್ರವೇಶಿಸಿದೆಯೆಂದು ತಿಳಿಯತಕ್ಕದ್ದು.

ಈ ದೀರ್ಘಕಾಲವನ್ನು ದಾಟಿಬಂದ ವ್ಯಕ್ತಿಗಳಲ್ಲಿ ಐಲ್ವೆ ಸ್ಮಿತ್ ಎಂಬಾಕೆಯ ಜೀವನಕ್ರಮ ವಿಚಾರಯೋಗ್ಯವಾಗಿದೆ. 1983ರ ಸೋಲಿನಲ್ಲಿ ಪಾಲ್ಗೊಂಡಿದ್ದ ಆಕೆ 2018ರ ಜನಮತಗಣನೆಯಲ್ಲಿ ಪ್ರಚಾರಸಂಘಟನೆಯ ಮೂವರು ಮುಖ್ಯಸ್ಥೆಯರಲ್ಲಿ ಒಬ್ಬಳಾಗಿದ್ದಳು. ಆಗ ಆಕೆಯ ವಯಸ್ಸು ಎಪ್ಪತ್ತು ದಾಟಿತ್ತು. ನಡುವಣ 35 ವರ್ಷಗಳನ್ನು ಆಕೆ ಒಂದೇ ಭಂಗಿಯಲ್ಲಿ ನಿಂತು ಕಳೆಯಲಿಲ್ಲ. ವಿಶ್ವವಿದ್ಯಾಲಯದಲ್ಲಿ ಸ್ತ್ರೀ ಅಧ್ಯಯನದ ಕೇಂದ್ರವನ್ನು ಕಟ್ಟಿದಳು, ಗರ್ಭಪಾತದ ಪ್ರಶ್ನೆಯನ್ನು ಕುರಿತ ಪ್ರಬಂಧಗಳ ಸಂಪುಟವನ್ನು 1992ರಲ್ಲಿ ಸಂಪಾದಿಸಿದಳು, ಸಲಿಂಗಿಗಳ ವಿವಾಹಸಮಾನತೆಗಾಗಿ ದುಡಿದಳು, ಮತ್ತೆ ಎಂಟನೆಯ ತಿದ್ದುಪಡಿಯ ರದ್ದತಿಗಾಗಿ ಒಕ್ಕೂಟವನ್ನು ಕಟ್ಟಲು ಬಂದಳು. ಕ್ಷೇತ್ರವನ್ನು ಬದಲಿಸುವುದು ಪಲಾಯನವಲ್ಲವೆಂಬುದಕ್ಕೆ ಈ ಜೀವನವೇ ಸಾಕ್ಷಿ. ಪಾಠಶಾಲೆಯಲ್ಲಿ ಕಳೆದ ವರ್ಷಗಳು ಬೀದಿಯ ಹೋರಾಟಕ್ಕೆ ವಾದವನ್ನು ಒದಗಿಸಿದವು. 2015ರ ವಿವಾಹಸಮಾನತೆಯ ಗೆಲುವು ಮನೆಮನೆಯ ಬಾಗಿಲು ತಟ್ಟುವ ಅನುಭವವನ್ನು 2018ಕ್ಕೆ ದಾಟಿಸಿತು.

ಇದಕ್ಕೆ ಪ್ರತಿಯಾಗಿ ನಮ್ಮ ನೆರೆಯ ಮಹಾರಾಷ್ಟ್ರದ ರಘುನಾಥ ಧೋಂಡೋ ಕರ್ವೆಯವರನ್ನು ನೆನೆಯೋಣ. ಗಣಿತದ ಅಧ್ಯಾಪಕರಾಗಿದ್ದ ಅವರು 1921ರಲ್ಲಿ ಮುಂಬಯಿಯಲ್ಲಿ ಸಂತಾನನಿಯಮನದ ಚಿಕಿತ್ಸಾಲಯವನ್ನು ತೆರೆದರು, ಆ ಪ್ರಚಾರದ ಕಾರಣದಿಂದ ಉದ್ಯೋಗವನ್ನು ಕಳೆದುಕೊಂಡರು, 1927ರಿಂದ ‘ಸಮಾಜಸ್ವಾಸ್ಥ್ಯ’ವೆಂಬ ಮಾಸಪತ್ರಿಕೆಯನ್ನು ನಡೆಸಿದರು, ಅಶ್ಲೀಲತೆಯ ಆರೋಪದ ಮೇಲೆ ನ್ಯಾಯಾಲಯಕ್ಕೆ ಅಲೆದರು, 1934ರಲ್ಲಿ ಅವರ ಪರವಾಗಿ ವಾದಿಸಿದವರು ಡಾ. ಅಂಬೇಡ್ಕರರು. ಇಪ್ಪತ್ತಾರು ವರ್ಷ ಒಬ್ಬ ಮನುಷ್ಯನು ಬಡತನವನ್ನೂ ಬಹಿಷ್ಕಾರವನ್ನೂ ಸಹಿಸಿ ಇಷ್ಟು ನಡೆಸಿದ್ದನ್ನು ನೋಡಿದರೆ ತಲೆಬಾಗದವರಾರು? ಆದರೂ 1953ರಲ್ಲಿ ಅವರು ತೀರಿಕೊಂಡೊಡನೆ ಪತ್ರಿಕೆಯೂ ನಿಂತುಹೋಯಿತೆಂಬ ಸಂಗತಿಯನ್ನು ಮರೆಯುವಂತಿಲ್ಲ. ಕರ್ವೆಯವರು ದಣಿಯಲಿಲ್ಲ, ಆದರೆ ವ್ಯಕ್ತಿಯ ಅದಮ್ಯತೆಯು ಕಾರ್ಯದ ಚಿರಂತನತೆಗೆ ಪರ್ಯಾಯವಲ್ಲ. ದೇವಸ್ಥಾನದ ನಂದಾದೀಪವು ಆರದೆ ಉರಿಯುವುದು ಯಾವೊಬ್ಬ ಅರ್ಚಕನ ಎಚ್ಚರದಿಂದಲೂ ಅಲ್ಲ; ಎಣ್ಣೆಗೆ ಒಂದು ಉಂಬಳಿ, ಕಾವಲಿಗೆ ಮನೆತನಗಳ ಸರದಿ, ಒಬ್ಬರಿಗೆ ಸೂತಕ ಬಂದರೆ ಇನ್ನೊಬ್ಬರು ಎಂಬ ಕಟ್ಟಳೆ ಇರುವುದರಿಂದ. ದೀಪವನ್ನು ಉಳಿಸಬೇಕೆನ್ನುವವರು ಭಕ್ತಿಯನ್ನು ಹೊಗಳುವುದರ ಜೊತೆಗೆ ಸರದಿಯನ್ನೂ ನಿರ್ಣಯಿಸಬೇಕು.

ಸರದಿಯ ಮಾತು ಹಣದ ಮಾತಾಗಿಯೂ ಇದೆ. ಪುಣ್ಯಕಾರ್ಯಕ್ಕೆ ಪ್ರತಿಫಲ ಕೇಳುವುದು ಅಲ್ಪತನವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದರ ಫಲವಾಗಿ ಸಿರಿವಂತರಲ್ಲದ ಹೆಂಗಸರು ಎರಡು ಮೂರು ವರ್ಷಗಳಲ್ಲಿ ಹಿಂದೆ ಸರಿಯುತ್ತಾರೆ, ಅನುಕೂಲಸ್ಥರು ಮಾತ್ರ ಉಳಿಯುತ್ತಾರೆ, ಆಗ ಚಳವಳಿಯ ದೃಷ್ಟಿಯೂ ಅವರ ದೃಷ್ಟಿಗೆ ಕುಗ್ಗುತ್ತದೆ. ನಮ್ಮ ಹಳ್ಳಿಗಳಲ್ಲಿ ಗರ್ಭಿಣಿಯರನ್ನು ಆಸ್ಪತ್ರೆಗೆ ಕರೆದೊಯ್ಯುವ, ಸಂತಾನನಿಯಂತ್ರಣದ ತಿಳಿವಳಿಕೆಯನ್ನು ಮನೆಮನೆಗೆ ತಲುಪಿಸುವ ಆಶಾ ಕಾರ್ಯಕರ್ತೆಯರಿಗೆ ಸಂಬಳವಿಲ್ಲ. ದೊರೆಯುವುದು ಗೌರವಧನ, ಪ್ರೋತ್ಸಾಹಧನಗಳಷ್ಟೇ. ಅವರು ತಮ್ಮ ಬೇಡಿಕೆಗಳಿಗಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕುಳಿತಾಗ ಅದನ್ನು ಕೂಲಿಯ ಜಗಳವೆಂದು ಬಗೆಯುವ ಸುಶಿಕ್ಷಿತರು, ಸ್ತ್ರೀಯ ದೇಹದ ಮೇಲೆ ಸ್ತ್ರೀಯ ಅಧಿಕಾರವನ್ನು ಕುರಿತ ಅತ್ಯಂತ ದೀರ್ಘವಾದ ದೈನಂದಿನ ಕಾರ್ಯವನ್ನು ನಡೆಸುವವರು ಇವರೇ ಎಂಬುದನ್ನು ಗಮನಿಸುವುದಿಲ್ಲ.

ಇನ್ನೊಂದು ಬಗೆಯ ಖರ್ಚು ಸಾಕ್ಷ್ಯದ ಖರ್ಚು. ಅನುಭವಿಸಿದವರ ಬಾಯಿಂದ ಬಂದ ಮಾತಿಗಿರುವ ಶಕ್ತಿ ಅಂಕಿಅಂಶಗಳಿಗಿಲ್ಲ. ಐರ್ಲೆಂಡಿನ ಗೆಲುವಿನಲ್ಲಿ ಅಂಥ ಮಾತುಗಳ ಪಾಲು ದೊಡ್ಡದು. ಸವಿತಾಳ ತಂದೆಯೂ 2018ರಲ್ಲಿ ಬೆಳಗಾವಿಯಿಂದ ಐರಿಷ್ ಮತದಾರರಿಗೆ ಮನವಿಮಾಡಿಕೊಂಡರು. ಆದರೆ ಗಾಯವನ್ನು ಪ್ರತಿ ಸಭೆಯಲ್ಲಿಯೂ ಬಿಚ್ಚಿ ತೋರಿಸಬೇಕಾದವರಿಗೆ ಅದು ಮಾಯುವುದೆಂದು? ಹೇಳುವ ಹಕ್ಕಿನಷ್ಟೇ ಹೇಳದಿರುವ ಹಕ್ಕೂ ಅವರಿಗಿರಬೇಕು. ಒಮ್ಮೆ ಹೇಳಿದವರನ್ನು ಮತ್ತೆ ಕೇಳದಿರುವ ಸಂಯಮ ಸಂಘಟನೆಗಿರಬೇಕು. ತನ್ನ ದೇಹ ತನ್ನದೆಂಬ ತತ್ತ್ವಕ್ಕಾಗಿ ಹೋರಾಡುವವರು ಕಾರ್ಯಕರ್ತೆಯ ಕಥೆಯನ್ನು ಸಂಘದ ಸೊತ್ತಾಗಿ ಮಾಡಿಕೊಂಡರೆ ಅದು ಸ್ವವಚನವ್ಯಾಘಾತ.

ಪೂರ್ವಪಕ್ಷದ ಅತ್ಯಂತ ಪ್ರಬಲವಾದ ವಾದವನ್ನು ಈಗ ಎತ್ತಿಕೊಳ್ಳಬಹುದು. ಗರ್ಭಿಣಿಗೆ ವಾರಗಳ ಲೆಕ್ಕವುಂಟು, ಆಕೆ ಕಾಯಲಾರಳು. ಹೀಗಿರುವಾಗ ನೆರವಾಗತಕ್ಕವಳು ಇಂದು ನನಗೆ ಬಿಡುವು ಎನ್ನಬಹುದೆ? ಫಲಾಪೇಕ್ಷೆಯಿಲ್ಲದೆ ಕರ್ಮ ಮಾಡುವವನಿಗೆ ದಣಿವೆಲ್ಲಿ ಎಂದು ನಮ್ಮ ಹಿರಿಯರೂ ಕೇಳುತ್ತಾರೆ. ಮೊದಲನೆಯ ಮಾತಿಗೆ ಉತ್ತರ ಆ ಮಾತಿನಲ್ಲಿಯೇ ಇದೆ: ಆಕೆ ಕಾಯಲಾರಳಾದ್ದರಿಂದಲೇ ದೂರವಾಣಿಯ ಬಳಿ ಸದಾ ಯಾರಾದರೂ ಇರಬೇಕು, ಸದಾ ಒಬ್ಬಳೇ ಇರುವುದು ಅಸಾಧ್ಯವಾದ್ದರಿಂದ ಹಲವರಿರಬೇಕು. ತಾನಿಲ್ಲದೆ ನಡೆಯದೆಂದು ನಂಬಿದವಳು ಬಳಲಿ ಬಿದ್ದ ದಿನ ಕರೆಗೆ ಉತ್ತರಿಸುವವರೇ ಇರುವುದಿಲ್ಲ. ಎರಡನೆಯ ಮಾತಿನ ವಿಷಯದಲ್ಲಿ ಎಚ್ಚರ ಬೇಕು. ಗೀತೆಯ ನಿಷ್ಕಾಮಕರ್ಮದ ಬೋಧೆ ತನಗೆ ತಾನೇ ಹೇಳಿಕೊಂಡಾಗ ಉದಾತ್ತವಾದದ್ದು. ಇತರರ ದುಡಿಮೆಯಿಂದ ಪ್ರಯೋಜನ ಪಡೆಯುವವರು ಅವರಿಗೆ ಹೇಳಿದಾಗ ಶೋಷಣೆಯಾಗುವ ಸಂಭವವುಂಟು. ಅಡುಗೆಮನೆಯಲ್ಲಿ ತಲೆಮಾರುಗಳ ಕಾಲ ಈ ಬೋಧೆಯನ್ನು ಕೇಳಿಬಂದವರು ಹೆಂಗಸರೇ. ಅವರ ವಿಮೋಚನೆಯ ಸಂಘದಲ್ಲಿಯೂ ಅದನ್ನೇ ಕೇಳಬೇಕಾಗಿ ಬಂದರೆ ವಿಮೋಚನೆ ಎಲ್ಲಿಯದು? ಆಹಾರ, ವಿಹಾರ, ನಿದ್ರೆ, ಜಾಗರಣೆಗಳಲ್ಲಿ ಹಿತಮಿತವಿಲ್ಲದವನಿಗೆ ಯೋಗ ಸಿದ್ಧಿಸದೆಂದು ಅದೇ ಗೀತೆಯ ಆರನೆಯ ಅಧ್ಯಾಯವು ಹೇಳುತ್ತದೆಂಬುದನ್ನೂ ಆ ಹಿರಿಯರಿಗೆ ನೆನಪು ಮಾಡಬಹುದು.

ಸೋಲಿನಷ್ಟೇ ಗೆಲುವೂ ದಣಿಸುತ್ತದೆಂಬುದು ಅನುಭವದಿಂದ ತಿಳಿಯುವ ಸಂಗತಿ. ಅರ್ಜೆಂಟೀನದ ಸ್ತ್ರೀಯರು 2005ರಲ್ಲಿ ಹಸುರು ಕರವಸ್ತ್ರದ ರಾಷ್ಟ್ರೀಯ ಆಂದೋಲನವನ್ನು ಆರಂಭಿಸಿ, ಮಸೂದೆಯನ್ನು ಬಾರಿಬಾರಿಗೂ ಮಂಡಿಸಿ, 2018ರ ಆಗಸ್ಟಿನಲ್ಲಿ ಸೆನೆಟ್ಟಿನಲ್ಲಿ ಸೋತು, 2020ರ ಡಿಸೆಂಬರ್ 30ರಂದು ಗೆದ್ದರು. 1986ರಿಂದ ವರ್ಷಕ್ಕೊಮ್ಮೆ ಬೇರೆಬೇರೆ ಊರುಗಳಲ್ಲಿ ಸೇರುತ್ತ ಬಂದ ಅವರ ಮಹಿಳಾಸಮಾವೇಶಗಳು ಸೋಲು ಗೆಲುವುಗಳೆರಡರಾಚೆಗೂ ಜನರನ್ನು ಒಂದೆಡೆ ಹಿಡಿದಿಟ್ಟವು. ಐರ್ಲೆಂಡಿನಲ್ಲಿ 2018ರ ಮೇ 25ರಂದು ಶೇಕಡಾ 66.4ರಷ್ಟು ಜನ ಎಂಟನೆಯ ತಿದ್ದುಪಡಿಯನ್ನು ಕಿತ್ತುಹಾಕಿದರು. 2019ರ ಜನವರಿ 1ರಿಂದ ಚಿಕಿತ್ಸೆ ದೊರೆಯತೊಡಗಿತು. ಆದರೆ ಸಾಮಾನ್ಯವಾಗಿ ಹನ್ನೆರಡು ವಾರಗಳ ಮಿತಿ, ಮೂರು ದಿನ ಕಾಯಬೇಕೆಂಬ ನಿಯಮ ಉಳಿದುಕೊಂಡವು. ಇಂದಿಗೂ ಇಂಗ್ಲೆಂಡಿಗೆ ಹೋಗಬೇಕಾದ ಹೆಂಗಸರಿದ್ದಾರೆ. ಉತ್ಸವದ ಮರುದಿನ ಮನೆಗೆ ಹೋದವರನ್ನು ದೂಷಿಸಲಾಗದು. ಆದರೆ ಆ ಮರುದಿನದಿಂದಾಚೆಯ ಕೆಲಸ ಯಾರದೆಂಬುದನ್ನು ಉತ್ಸವಕ್ಕೆ ಮುಂಚೆಯೇ ಗೊತ್ತುಮಾಡಿರಬೇಕು.

ಕನ್ನಡನಾಡಿಗೆ ಈ ವಿಷಯದಲ್ಲಿ ಹಳೆಯ ಕೀರ್ತಿಯೊಂದುಂಟು: ಸರಕಾರದ ಆಶ್ರಯದಲ್ಲಿ ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು 1930ರಲ್ಲಿಯೇ ಆಜ್ಞೆ ಹೊರಡಿಸಿದ್ದು ಮೈಸೂರು ಸಂಸ್ಥಾನ. ಭಾರತದ ಕುಟುಂಬಯೋಜನಾ ಸಂಘವನ್ನು 1949ರಲ್ಲಿ ಸ್ಥಾಪಿಸಿದ ಧನ್ವಂತಿ ರಾಮರಾವ್ ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ಆದರೆ ಹಳೆಯ ಕೀರ್ತಿಯಿಂದ ಇಂದಿನ ಕೆಲಸ ನಡೆಯುವುದಿಲ್ಲ. ನಮ್ಮ ದೇಶದ 1971ರ ಕಾನೂನು ಗರ್ಭಪಾತಕ್ಕೆ ಅವಕಾಶ ಕೊಟ್ಟಿತು, ಆದರೆ ತೀರ್ಮಾನವನ್ನು ವೈದ್ಯರ ಕೈಯಲ್ಲಿಟ್ಟಿತು. 2021ರ ತಿದ್ದುಪಡಿ ಕೆಲವು ವರ್ಗದವರಿಗೆ ಅವಧಿಯನ್ನು 24 ವಾರಗಳಿಗೆ ವಿಸ್ತರಿಸಿತು. ಅವಿವಾಹಿತೆಯರಿಗೂ ಅದು ಸಲ್ಲುವುದೆಂದು ಸರ್ವೋಚ್ಚ ನ್ಯಾಯಾಲಯ 2022ರ ಸೆಪ್ಟೆಂಬರ್ 29ರಂದು ಹೇಳಿತು. ಇನ್ನೊಂದು ಕಡೆ, ತುರ್ತುಪರಿಸ್ಥಿತಿಯ ಕಾಲದ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಗಳನ್ನೂ, 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರದ ಶಿಬಿರದಲ್ಲಿ ಶಸ್ತ್ರಚಿಕಿತ್ಸೆಗೊಳಗಾದ ಬಡಹೆಂಗಸರ ಸಾವನ್ನೂ ನೆನೆದರೆ, ಮಕ್ಕಳನ್ನು ಹೆರುವ ಹಕ್ಕೂ ಇಲ್ಲಿ ಹೋರಾಡಿ ಉಳಿಸಿಕೊಳ್ಳಬೇಕಾದದ್ದೇ ಎಂದು ತಿಳಿಯುತ್ತದೆ. ಇದೆಲ್ಲ ಒಂದು ತಲೆಮಾರಿನಲ್ಲಿ ಮುಗಿಯುವ ಕಾರ್ಯವಲ್ಲ.

ಆದ್ದರಿಂದ ಈ ಕ್ಷೇತ್ರದಲ್ಲಿ ಸಂಘ ಕಟ್ಟುವವರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಪ್ರತಿ ಹೊಣೆಗಾರಿಕೆಗೂ ಅವಧಿಯನ್ನು ಗೊತ್ತುಮಾಡಿರಿ. ಆ ಅವಧಿ ಮುಗಿಯುವುದರೊಳಗೆ ಮುಂದಿನವಳನ್ನು ಸಿದ್ಧಪಡಿಸುವುದನ್ನೂ ಆ ಹೊಣೆಯ ಭಾಗವೆಂದೇ ಎಣಿಸಿರಿ. ಚಂದಾಹಣದಲ್ಲಿ ಮೊದಲ ಪಾಲನ್ನು ದುಡಿಯುವವರ ಜೀವನಕ್ಕೆ ತೆಗೆದಿಡಿರಿ. ದೊಡ್ಡ ಗುರಿಯ ಪಕ್ಕದಲ್ಲಿ ಆಯಾ ದಿನವೇ ಮುಗಿಯುವ ಸಣ್ಣ ಸೇವೆಯೊಂದನ್ನು ಇಟ್ಟುಕೊಳ್ಳಿರಿ. ದಣಿದು ಹೊರಟವಳನ್ನು ಹೇಡಿಯೆನ್ನಬೇಡಿರಿ, ಮರಳಿ ಬಂದವಳಿಂದ ಕಾರಣ ಕೇಳಬೇಡಿರಿ. ಓದುಗರಾದ ನಾವೂ ಇಂಥ ಸಂಘಗಳಿಗೆ ಚಪ್ಪಾಳೆ ತಟ್ಟುವುದನ್ನು ಸ್ವಲ್ಪ ಕಡಿಮೆಮಾಡಿ, ವಾರಕ್ಕೊಂದು ಸಂಜೆಯ ಸರದಿಯನ್ನು ಕೇಳಿ ಪಡೆದರೆ ಅವರ ದಣಿವು ಅಷ್ಟರಮಟ್ಟಿಗೆ ಕಡಿಮೆಯಾಗುವುದು.